ಅಕ್ಕ ಟೆಂಟಿನಲ್ಲಿ ಮಲಗಿದ ಮಾಗಿ

ಮೊನ್ನೆ ಹೊಳಲ್ಕೆರೆಯ ನನ್ನ ಹೊಲಿಗೆ ಅಂಗಡಿಗೆ ಕಾಲೇಜಿನ ಹುಡುಗಿಯೊಬ್ಬಳು ಒಂದು ಟೆಂಟ್ ತಂದಳು. ಗೆಳತಿಯರ ಜೊತೆ ಬೆಟ್ಟದ ಮೇಲೆ ಮಲಗಿ ಸೂರ್ಯ ಹುಟ್ಟುವುದನ್ನು ನೋಡಲು ಹೋಗಿದ್ದಳಂತೆ. "ಆಂಟಿ, ಎಲ್ಲೋ ಹೊಲಿಗೆ ಬಿಟ್ಟೈತೆ ನೋಡ್ರಿ. ಮಳೆ ಬಂದಿಲ್ಲ, ಏನಿಲ್ಲ, ಬೆಳಗಾಗೋದ್ರೊಳಗೆ ನಮ್ ಮೈಮೇಲೆಲ್ಲ ನೀರು" ಎಂದಳು. ಬ್ಲೌಸಿಗೆ ಹುಕ್ಕು ಹಾಕುತ್ತಿದ್ದ ನಾನು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಚೀಲದ ದಾರ ಬಿಚ್ಚಿದೆ. ಒದ್ದೆಯಲ್ಲೇ ಮಡಚಿಟ್ಟ ನೈಲಾನ್ ಬಟ್ಟೆಯ ಮುಗ್ಗಲು ವಾಸನೆ ಗಪ್ಪಂತ ಮುಖಕ್ಕೆ ಬಡಿಯಿತು. ಅದಕ್ಕೆ ಕುರಿಯ ಉಣ್ಣೆಯ ವಾಸನೆಯೊಂದು ಸೇರಿದ್ದರೆ ನಾನು ಆ ಹುಡುಗಿಯ ಎದುರಿಗೇ ಅತ್ತುಬಿಡುತ್ತಿದ್ದೆ.

"ಹೊಲಿಗೆ ಸರಿಯಾಗೈತೆ ಕಣಮ್ಮ" ಎಂದೆ. "ಮಲಗುವಾಗ ಮೇಲಿನ ಕಿಟಕಿ ತೆಗೆದಿಡ್ರಿ. ಬಾಗಿಲ ಕೆಳಗೂ ಒಂದೀಟು ಗಾಳಿ ಆಡಂಗೆ ಬಿಡ್ರಿ. ಆವಾಗ ನೀರು ಕಮ್ಮಿ ಆಗ್ತೈತೆ."

"ಚಳಿ ಆಗಲ್ವಾ ಆಂಟಿ?"

"ಆಗ್ತೈತೆ."

ಹುಡುಗಿ ನಕ್ಕಳು. "ನೀವೂ ಕ್ಯಾಂಪಿಂಗ್ ಹೋಗಿದ್ರಾ?" ಎಂದು ಕೇಳಿದಳು. ಗಂಟುಮುಖದ ಈ ದರ್ಜಿಯಮ್ಮ ಬೆಟ್ಟ ಹತ್ತಿ ಟೆಂಟ್ ಹಾಕಿದ್ದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡಿರಬೇಕು. "ಹೂಂ, ಒಂದು ಮಾಗಿ ಪೂರ್ತಿ" ಎಂದೆ. ಅವಳು ಅದನ್ನು ತಮಾಷೆ ಅಂದುಕೊಂಡು ಹೋದಳು. ಆಮೇಲೆ ನನಗೆ ಆ ದಿನ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ.

ನನ್ನ ಅಕ್ಕ ತಿಪ್ಪಮ್ಮ ಕುರಿ ಸಾಕುತ್ತಿದ್ದವಳು. ನಮ್ಮ ತವರು ಹಿರಿಯೂರಿನ ಕಡೆ. ನಮ್ಮಲ್ಲಿ ಮಗಳನ್ನು ಕೊಟ್ಟು ಕಳಿಸುವಾಗ ಅಪ್ಪ ತನ್ನ ಮಂದೆಯಲ್ಲಿನ ಒಳ್ಳೆಯ ಹೆಣ್ಣು ಕುರಿಗಳನ್ನು ಆರಿಸಿ ಬಳುವಳಿ ಎಂದು ಜೊತೆಗೆ ಹೊಡೆದು ಕಳಿಸುವುದುಂಟು. ಅಕ್ಕನಿಗೆ ಹಾಗೆ ಕುರಿ ಬಂದವು. ನನ್ನ ಸರದಿ ಬರುವ ಹೊತ್ತಿಗೆ ಕಾಲ ಬದಲಾಗಿತ್ತು, ನಾನೂ ಹಟ ಮಾಡಿದೆ, ಅಪ್ಪ ಹೊಲಿಗೆ ಯಂತ್ರ ಕೊಡಿಸಿದ. "ನಿಂಗೆ ಕೊಟ್ಟಿದ್ದು ಮರಿ ಹಾಕಲ್ಲ ಬಿಡು" ಎಂದು ಅಕ್ಕ ಸಾಯುವತನಕ ನನ್ನನ್ನು ಆಡಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಭಾವ ಹಾವು ಕಚ್ಚಿ ತೀರಿಕೊಂಡಾಗ ನೆಂಟರೆಲ್ಲ ಮಂದೆ ಮಾರಿಬಿಡು ಅಂದರು. ಇವಳು ಗಂಡನ ಕೋಲು ತಗೊಂಡು, ಮೈದುನ ಓಬಳಪ್ಪನನ್ನು ಜೊತೆಗೆ ಕರೆದುಕೊಂಡು ಕುರಿಗಳ ಹಿಂದೆ ಹೊರಟೇಬಿಟ್ಟಳು. ಓಬಳಪ್ಪ ಕಡಿಮೆ ಮಾತಿನವನು, ಮೈಗಳ್ಳನಲ್ಲ, ಅತ್ತಿಗೆ ಹಾಕಿದ ಗೆರೆ ದಾಟದವನು.

ಪ್ರತಿ ವರ್ಷ ರಾಗಿ ಕೊಯ್ದ ಮೇಲೆ ಅವರ ಮಂದೆ ಹಿರಿಯೂರಿನ ಕಡೆಯಿಂದ ಹೊಸದುರ್ಗದ ಮೇಲೆ ಹೊಳಲ್ಕೆರೆಯ ಹೊಲಗಳತ್ತ ಬರುತ್ತಿತ್ತು. ಹಗಲು ಕೊಯ್ದ ಹೊಲದಲ್ಲಿ ಉಳಿದ ಕೂಳೆ ಮೇಯುವುದು, ರಾತ್ರಿ ಯಾವುದಾದರೂ ರೈತರ ಹೊಲದಲ್ಲಿ ಮಲಗುವುದು. ಕುರಿ ಮಲಗಿದ ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ಆ ಮನೆಯವರು ರಾಗಿಯನ್ನೋ ಅವರೆಕಾಯಿಯನ್ನೋ ಕೊಡುತ್ತಾರೆ. ಅಕ್ಕ ಮಲಗುತ್ತಿದ್ದುದು ಎರಡು ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ತಾಡಪಾಲಿನ ಕೆಳಗೆ. ಮುಂದೆ ಹಿಂದೆ ಬಟ್ಟಬಯಲು. ಮೈಮೇಲೆ ತನ್ನದೇ ಕುರಿಗಳ ಉಣ್ಣೆಯಲ್ಲಿ ನೇಯಿಸಿದ ಕರಿ ಕಂಬಳಿ, ಕಂಬಳಿಯೊಳಗೆ ಆ ವಾರ ಹುಟ್ಟಿದ ಬಡಕಲು ಮರಿಗಳು. ಮೊದಲಿನಿಂದಲೂ ಹೀಗೇ. ಮಗು ಎತ್ತದ ಕೈ ಮರಿ ಎತ್ತುತ್ತದೆ ಎಂದು ಊರಿನ ಹೆಂಗಸರು ಹಿಂದಿನಿಂದ ಅನ್ನುತ್ತಿದ್ದರು. ಅಂದುಕೊಳ್ಳಲಿ ಎಂದು ಅಕ್ಕ ಇನ್ನೊಂದು ಮರಿಯನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಿದ್ದಳು.

ಆ ವರ್ಷ ದೀಪಾವಳಿ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಎಂಥ ಕೆಮ್ಮು ಅಂದರೆ, ಕೆಮ್ಮಿ ಮುಗಿಸಿದ ಮೇಲೆ ನೆಲ ಹಿಡಿದು ಕೂರಬೇಕು. ನಾನು ಬೈದು ಎಳೆದುಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಶ್ವಾಸಕೋಶ ಬಹಳ ದಿನದಿಂದ ಸವೆದಿದೆ, ಈ ಚಳಿಗಾಲ ಜೋಪಾನ, ಗಾಳಿಗೆ ಮಲಗಬಾರದು, ಒದ್ದೆಯಲ್ಲಂತೂ ಮಲಗಲೇಬಾರದು, ಒದ್ದೆಯಲ್ಲಿ ಮಲಗಿದರೆ ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದರು. ಮನೆಯೊಳಗೆ ಇಟ್ಟುಕೊಳ್ಳಿ ಎಂದು ನನ್ನ ಮುಖ ನೋಡಿ ಹೇಳಿದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಕುರಿ ಮಾರಿ ನನ್ನ ಮನೆಗೆ ಬಾ ಎಂದು ನಾನು, ಸಾಧ್ಯವೇ ಇಲ್ಲವೆಂದು ಅವಳು.

"ಅಪ್ಪ ಕೊಟ್ಟ ಕುರಿ ಪೀಳಿಗೆ ಕಣೇ ಅವು. ಕಟುಕರಿಗೆ ಹಾಕ್ಲಾ?"

"ನೀನು ಸತ್ರೆ ಅವನ್ನ ಯಾರು ಕಾಯ್ತಾರೆ?"

"ಸಾಯೋ ಮಾತು ಯಾಕೆ ಆಡ್ತೀಯ. ಡಾಕ್ಟ್ರಮ್ಮ ಏನಂದ್ರು? ಗಾಳಿ ಬ್ಯಾಡ, ಒದ್ದೆ ಬ್ಯಾಡ ಅಂದ್ರು. ಕುರಿ ಬ್ಯಾಡ ಅಂದ್ರಾ?"

ಬಾಯಿಗೆ ಬಾಯಿ ಕೊಡುವುದರಲ್ಲಿ ಅವಳನ್ನು ಗೆದ್ದವರಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಗಾಳಿ ನುಗ್ಗದ ಟೆಂಟ್ ನಾನು ತರುವುದು, ಶಿವರಾತ್ರಿವರೆಗೆ ಅವಳ ಜೊತೆ ನಾನೂ ಇರುವುದು. ಅವಳ ಹಾಸಿಗೆ ಒಣಗಿರುವಷ್ಟು ದಿನ ಕುರಿ ಅವಳದು. ಒದ್ದೆಯಲ್ಲಿ ಮಲಗುವ ಹಾಗಾದರೆ ಮರುಮಾತಿಲ್ಲದೆ ಮಂದೆ ಮಾರಿ ಹೊಳಲ್ಕೆರೆಗೆ ಬರುವುದು. "ಅಪ್ಪನಾಣೆ" ಎಂದು ಅಕ್ಕ ನನ್ನ ಕೈಮೇಲೆ ಕೈ ಹಾಕಿದಳು. ಧನುರ್ಮಾಸ ಹಿಡಿಯುವುದರಲ್ಲಿತ್ತು. ಮದುವೆಗಳಿಲ್ಲ, ಹಾಗಾಗಿ ಬ್ಲೌಸುಗಳೂ ಇಲ್ಲ. ಅಂಗಡಿಗೆ ಬೀಗ ಹಾಕಿದೆ. ನಮ್ಮ ಯಜಮಾನರು, "ನಿಮ್ಮಕ್ಕನ್ನ ಕಾಯಾಕೆ ಹೋಗ್ತೀಯೋ, ಕುರೀನೋ?" ಎಂದು ನಕ್ಕು ಕಳಿಸಿಕೊಟ್ಟರು.

ಟೆಂಟನ್ನು ಚಿತ್ರದುರ್ಗದಲ್ಲೇ ತಗೊಂಡೆ. ಇಬ್ಬರು ಮಲಗುವ ನೀಲಿ ಬಣ್ಣದ್ದು, ಬಗ್ಗುವ ಕಡ್ಡಿಗಳನ್ನು ಸಿಕ್ಕಿಸಿದರೆ ಬೋಗುಣಿ ಬೋರಲು ಹಾಕಿದಂತೆ ನಿಲ್ಲುತ್ತಿತ್ತು. ಹೊರಕೆರೆದೇವಪುರದ ಹತ್ತಿರ ರುದ್ರಪ್ಪನವರ ರಾಗಿ ಹೊಲದಲ್ಲಿ ಮಂದೆ ಇಳಿದಿತ್ತು. ನಾನು ಅಲ್ಲಿ ಅದನ್ನು ನಿಲ್ಲಿಸಿದಾಗ ಕುರಿಗಳು ಬೆದರಿ ದೂರ ಓಡಿದವು, ನಾಯಿಗಳು ಸುತ್ತು ಬಂದು ಬೊಗಳಿದವು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದೇನೇ ಗೌರಿ, ಸೊಳ್ಳೆಪರದೆ ಬಸ್ರಾದಂಗೈತೆ" ಎಂದಳು. ಓಬಳಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಗೋಣಿಚೀಲ, ಅದರ ಮೇಲೆ ಚಾಪೆ, ಅದರ ಮೇಲೆ ಕೌದಿ ಹಾಸಿ, ಜಿಪ್ ಎಳೆದು, ಅಕ್ಕ ಮತ್ತು ನಾನು ಎಷ್ಟೋ ವರ್ಷಗಳ ಮೇಲೆ ಒಂದೇ ಕಡೆ ಮಲಗಿದೆವು. ಅವಳ ಪಕ್ಕದಲ್ಲಿ ಎರಡು ಮರಿ. ಗಾಳಿ ಒಂದಿಷ್ಟೂ ಇಲ್ಲ, ಬೆಚ್ಚಗೆ. ಗೆದ್ದೆ ಅಂದುಕೊಂಡೆ.

ಬೆಳಗ್ಗೆ ಎಚ್ಚರವಾದದ್ದು ಮೂಗಿನ ಮೇಲೆ ತಣ್ಣಗೆ ಒಂದು ಹನಿ ಬಿದ್ದಾಗ. ಕಣ್ಣು ಬಿಟ್ಟರೆ ಒಳಗಿನ ಬಟ್ಟೆಯ ತುಂಬ ನೀರಿನ ಮಣಿಗಳು, ಕೈ ತಗುಲಿದರೆ ಸಾಕು ಜಾರಿ ಒಂದಕ್ಕೊಂದು ಕೂಡಿಕೊಂಡು ಹಾಸಿಗೆಯ ಅಂಚಿಗೆ ಇಳಿಯುತ್ತಿದ್ದವು. ಅಕ್ಕನ ಕೌದಿಯ ಒಂದು ಮಗ್ಗುಲು ತೊಯ್ದಿತ್ತು. ಹೊರಗೆ ಬಂದರೆ ಆಕಾಶ ತೊಳೆದಿಟ್ಟಂತೆ ಇತ್ತು. ಮಳೆಯ ಸುಳಿವೇ ಇಲ್ಲ.

ನಾನು ದರ್ಜಿ. ನೀರು ಒಳಗೆ ಬಂದಿದೆ ಅಂದರೆ ನನ್ನ ಕಣ್ಣು ಹೊಲಿಗೆಯ ಮೇಲೆ. ಇಬ್ಬನಿ ಹೊಲಿಗೆಯ ತೂತುಗಳಿಂದ ಇಳಿದಿದೆ ಎಂದು ತೀರ್ಮಾನಿಸಿ, ಬಿಸಿಲಿಗೆ ಟೆಂಟನ್ನು ಬೋರಲು ಹಾಕಿ, ಒಂದೊಂದು ಹೊಲಿಗೆಗೂ ಮೇಣದಬತ್ತಿ ಉಜ್ಜಿದೆ. ಮೇಲ್ಗಡೆ ಸೊಳ್ಳೆಬಲೆ ಹಾಕಿದ ಕಿಟಕಿ ಇತ್ತಲ್ಲ, ಇದರಿಂದಲೇ ಇಬ್ಬನಿ ಬರುವುದು ಎಂದು ಅದಕ್ಕೆ ಎರಡು ಪದರ ಬ್ಲೌಸಿನ ಲೈನಿಂಗ್ ಬಟ್ಟೆ ಇಟ್ಟು ಒತ್ತಾಗಿ ಹೊಲಿದೆ. ಇಡೀ ದಿನದ ಕೆಲಸ. ಒಂದು ಎಳೆ ಗಾಳಿಗೂ ದಾರಿಯಿಲ್ಲದಂತೆ ಮಾಡಿ ಮಲಗಿದೆವು. ಮಾರನೆಯ ಬೆಳಗ್ಗೆ ಹಿಂದಿನ ದಿನದ ಎರಡರಷ್ಟು ನೀರು. ನನಗೆ ಅಳು ಬಂತು.

ಅಕ್ಕ ಮಲಗಿದಲ್ಲೇ ಮೇಲೆ ನೋಡುತ್ತಿದ್ದಳು. ಒಂದು ಬೆರಳಿನಿಂದ ಹನಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು.

"ಇದು ಇಬ್ಬನಿ ಅಲ್ಲ ಕಣೇ. ಮುದ್ದೆಗೆ ಎಸರಿಟ್ಟು ತಟ್ಟೆ ಮುಚ್ಚಿದ್ರೆ ತಟ್ಟೆ ಒಳಗಡೆ ಏನಿರ್ತೈತೆ?"

"ನೀರು."

"ಹಂಗೆ. ಒಳಗಡೆ ನಾವು ಬೇಯ್ತಾ ಇದೀವಿ. ನಂದು, ನಿಂದು, ಮರಿಗಳದು, ಎಲ್ಲಾರ ಉಸ್ರೂ ಹೋಗಾಕೆ ದಾರಿ ಇಲ್ದೆ ಇಲ್ಲೇ ಕುಂತೈತೆ." ಹೀಗೆ ಹೇಳಿ ನಗಲು ಹೋಗಿ ಕೆಮ್ಮಿದಳು.

ಅವಳು ಹೇಳಿದ್ದು ನಿಜ. ನಾನು ಮೊದಲು ಲೈನಿಂಗ್ ಬಟ್ಟೆ ಬಿಚ್ಚಿ ಬಿಸಾಡಿದೆ. ಅವತ್ತಿನಿಂದ ನನಗೆ ಅದೇ ಧ್ಯಾನ. ಕೆರೆಯ ಬದಿಯ ತಗ್ಗಿನಿಂದ ಟೆಂಟನ್ನು ದಿಣ್ಣೆಗೆ ಕಿತ್ತುಕೊಂಡು ಹೋದೆ. ಬಾಗಿಲನ್ನು ಗಾಳಿ ಬೀಸುವ ದಿಕ್ಕು ತಪ್ಪಿಸಿ ತಿರುಗಿಸಿದೆ. ಕೆಳಗೆ ಒಣ ರಾಗಿಹುಲ್ಲು ದಪ್ಪಗೆ ಹರಡಿದೆ. ಒದ್ದೆ ಬಟ್ಟೆ, ನೀರಿನ ಕೊಡ, ಬಿಸಿ ಪಾತ್ರೆ ಯಾವುದೂ ಒಳಗಿರುವಂತಿಲ್ಲ. ಮೇಲಿನ ಕಿಟಕಿ ತೆರೆದು, ಬಾಗಿಲ ಜಿಪ್ಪನ್ನು ಕೆಳಗಡೆ ಗೇಣುದ್ದ ಬಿಟ್ಟು, ಗಾಳಿ ಕೆಳಗೆ ಬಂದು ಮೇಲೆ ಹೋಗುವಂತೆ ಮಾಡಿದೆ. ನನ್ನ ಎರಡು ಹಳೆಯ ಕಾಟನ್ ಸೀರೆಗಳನ್ನು ಜೋಡಿಸಿ ಹೊಲಿದು, ಟೆಂಟಿನ ಬಟ್ಟೆಗೆ ತಗುಲದ ಹಾಗೆ ಒಳಗೆ ಚಪ್ಪರದಂತೆ ಕಟ್ಟಿದೆ. ಹನಿ ಬಿದ್ದರೆ ಅದರ ಮೇಲೆ ಬೀಳಲಿ, ಅಕ್ಕನ ಮೇಲೆ ಬೇಡ. ಇಷ್ಟೆಲ್ಲಕ್ಕೂ ಅಕ್ಕ ಹೂಂ ಅಂದಳು. ಮರಿಗಳು ಹೊರಗೆ ಮಲಗಲಿ ಅಂದಾಗ ಮಾತ್ರ ಮುಖ ಗಂಟಿಕ್ಕಿದಳು.

"ತಾಯಿ ಹತ್ರ ಹಾಲಿಲ್ದ ಮರಿ ಅವು. ಚಳಿಗೆ ಸೆಟ್ಕೊಂಡು ಹೋಗ್ತಾವೆ."

"ಎರಡು ಮರಿ ಇಡೀ ರಾತ್ರಿ ಉಸಿರು ಬಿಟ್ರೆ ಎಷ್ಟು ನೀರಾಗ್ತೈತೆ ಗೊತ್ತೇನೇ? ಅಪ್ಪನಾಣೆ ಹಾಕಿದೀಯ."

ಅವಳು ಸೋತಳು. ಬಿದಿರಿನ ದೊಡ್ಡ ಪುಟ್ಟಿಯನ್ನು ಬೋರಲು ಹಾಕಿ, ಮೇಲೆ ಗೋಣಿ ಹೊದಿಸಿ, ಒಳಗೆ ಹುಲ್ಲು ಹಾಸಿ ಮರಿಗಳಿಗೆ ಗೂಡು ಮಾಡಿದೆವು. ಟೆಂಟಿನಿಂದ ಕೂಗಳತೆಯೂ ಬೇಡ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಅವು ಕೂಗಿದಾಗಲೆಲ್ಲ ಅಕ್ಕನ ಮೈ ಕೌದಿಯೊಳಗೆ ಅಲ್ಲಾಡುತ್ತಿತ್ತು.

ಮರುದಿನ ಬೆಳಗ್ಗೆ ಟೆಂಟಿನ ಗೋಡೆಯ ಮೇಲೆ ಕೈಯಾಡಿಸಿ ನೋಡಿದೆ. ಸ್ವಲ್ಪ ತಣ್ಣಗಿತ್ತು, ಹನಿಯಿರಲಿಲ್ಲ. ಅದರ ಮರುದಿನವೂ ಇಲ್ಲ. ಒಂದೆರಡು ದಿನ ಸೀರೆಯ ಮೇಲೆ ಅಲ್ಲೊಂದು ಇಲ್ಲೊಂದು ಕಲೆ, ಅಷ್ಟೇ. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ರುದ್ರಪ್ಪನವರ ಹೆಂಡತಿ ಶಾಂತಕ್ಕ ಅವರೆಕಾಳಿನ ಸಾರು ತಂದುಕೊಟ್ಟಾಗ ಅವರ ಕೈ ಹಿಡಿದು ಟೆಂಟಿನೊಳಗೆ ಕರೆದು, ಗೋಡೆ ಮುಟ್ಟಿಸಿ ತೋರಿಸಿದೆ. "ನಿಮ್ ತಂಗಿ ಭಾರಿ ಹುಷಾರು ಬಿಡ್ರಿ" ಎಂದು ಅವರು ಅಕ್ಕನಿಗೆ ಹೇಳಿದರು. ಅಕ್ಕ ತಲೆ ತಗ್ಗಿಸಿಕೊಂಡು ಸಾರು ಸುರಿದುಕೊಳ್ಳುತ್ತಿದ್ದಳು.

ಆ ದಿನಗಳು ಚೆನ್ನಾಗಿದ್ದವು. ಅದನ್ನೂ ಹೇಳಬೇಕು. ಬೆಳಗ್ಗೆ ಇಬ್ಬನಿ ಆರುವವರೆಗೂ ಕುರಿ ಬಿಡುವಂತಿಲ್ಲ, ಒದ್ದೆ ಹುಲ್ಲು ಮೇದರೆ ಹೊಟ್ಟೆ ಕೆಡುತ್ತದೆ. ಆ ಹೊತ್ತಿನಲ್ಲಿ ಬೆಂಕಿ ಹಾಕಿಕೊಂಡು ಅಕ್ಕ ಅಪ್ಪನ ಮಾತು ತೆಗೆಯುತ್ತಿದ್ದಳು. ಯಾವ ಕುರಿ ಅಪ್ಪ ಕೊಟ್ಟ ಯಾವ ಕುರಿಯ ಮರಿಯ ಮರಿ ಎಂದು ಕೋಲಿನಿಂದ ತೋರಿಸುತ್ತಿದ್ದಳು. ಅಗಲ ಹಣೆಯದು, ಒಂದು ಕಿವಿ ಕಿರಿದಾದದ್ದು, ಮೂಗಿನ ಮೇಲೆ ಬಿಳಿ ಬೊಟ್ಟಿನದು. ನಮ್ಮಮ್ಮನ ಕಡೆಯ ನೆಂಟರನ್ನು ಅವಳು ಅಷ್ಟು ನೆನಪಿಟ್ಟುಕೊಂಡಿರಲಿಲ್ಲ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. "ಅವಕ್ಕೂ ಮೇಯ್ಸಾಕೆ ಯಾರಾದ್ರೂ ಬೇಕಲ್ವೇನೇ" ಅನ್ನುತ್ತಿದ್ದಳು. ಮದುವೆಯಾಗಿ ಬೇರೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಂದೆ ರಾಮಗಿರಿಯ ಕಡೆ ಸರಿಯಿತು. ಅಲ್ಲಿ ಬೆಟ್ಟದ ನೆರಳು, ಚಳಿ ಇನ್ನೂ ಬಿರುಸು. ಕೆಮ್ಮು ಇಳಿಯುವುದರ ಬದಲು ಏರುತ್ತಿತ್ತು. ಅದೇ ನನಗೆ ತಲೆಗೆ ಹೋಗದ ವಿಷಯ. ಟೆಂಟು ಒಣಗಿದೆ, ಹಾಸಿಗೆ ಒಣಗಿದೆ, ಮಾತ್ರೆ ನಾನೇ ಕೈಯಲ್ಲಿಟ್ಟು ನುಂಗಿಸುತ್ತೇನೆ. ಆದರೂ ಅವಳ ಕೆನ್ನೆ ಗುಳಿಬಿದ್ದು ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಅವಳ ಕರಿ ಕಂಬಳಿಯಂತೂ ದಿನಾ ಜಾಲಿಗಿಡದ ಮೇಲೆ ಬಿಸಿಲಿಗೆ ಹರಡಿರುತ್ತಿತ್ತು. ಯಾಕೆ ಎಂದು ಕೇಳಿದರೆ, "ಹೊರಗಡೆ ಮರಿಗೂಡಿನ ಮೇಲೆ ಹಾಕಿದ್ದೆ, ಇಬ್ಬನೀಲಿ ನೆನೆದೈತೆ" ಅನ್ನುತ್ತಿದ್ದಳು. ನನಗೂ ಸರಿ ಅನ್ನಿಸಿತ್ತು.

ಒಂದು ಬೆಳಗಿನ ಜಾವ ರಾಮಗಿರಿ ಸ್ಟೇಷನ್ನಿನ ಕಡೆ ರೈಲು ದೀರ್ಘವಾಗಿ ಕೂಗಿದ್ದಕ್ಕೆ ನನಗೆ ಎಂದಿಗಿಂತ ಮೊದಲೇ ಎಚ್ಚರವಾಯಿತು. ಪೂರ್ವಕ್ಕೆ ಆಗತಾನೆ ಬೆಳ್ಳಗಾಗುತ್ತಿತ್ತು, ಟೆಂಟಿನ ನೀಲಿ ಬಟ್ಟೆ ತೆಳುವಾಗಿ ಕಾಣುತ್ತಿತ್ತು. ಅಕ್ಕ ಮಂಡಿಯೂರಿ ಕೂತಿದ್ದಳು. ಎರಡೂ ಕೈಯಲ್ಲಿ ಕಂಬಳಿಯ ಅಂಚು ಹಿಡಿದು, ನಾನು ಕಟ್ಟಿದ ಸೀರೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಯ ನೀರನ್ನು ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದಳು. ಸದ್ದಾಗಬಾರದು ಎಂದು ನಿಧಾನ, ಅಷ್ಟು ನಿಧಾನ. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕೆಮ್ಮು ಬಂದಾಗ ಅವಳ ಬೆನ್ನು ಬಿಲ್ಲಿನಂತೆ ಬಾಗಿ ನಡುಗುತ್ತಿತ್ತು, ಬಾಯಿಂದ ಒಂದು ಚೂರು ಶಬ್ದ ಬರುತ್ತಿರಲಿಲ್ಲ. ಮೇಲಿನ ಕಿಟಕಿ ಮುಚ್ಚಿತ್ತು. ಬಾಗಿಲ ಜಿಪ್ ನೆಲದವರೆಗೂ ಎಳೆದಿತ್ತು. ಅವಳು ಮಲಗುವ ಜಾಗದಲ್ಲಿ, ಕೌದಿಯ ಅಡಿಯಿಂದ, ಎರಡು ಸಣ್ಣ ಮೂತಿಗಳು ನನ್ನನ್ನೇ ನೋಡುತ್ತಿದ್ದವು.

ನನಗೆ ಎಲ್ಲ ಅರ್ಥವಾಯಿತು. ನಾನು ನಿದ್ದೆ ಹೋದ ಮೇಲೆ ದಿನಾ ಮರಿಗಳನ್ನು ಒಳಗೆ ತಂದುಕೊಳ್ಳುವುದು, ಅವಕ್ಕೆ ಗಾಳಿ ತಾಗದಂತೆ ಎಲ್ಲ ಮುಚ್ಚುವುದು, ನಾನು ಏಳುವ ಮೊದಲು ನೀರು ಒರೆಸಿ, ಮರಿಗಳನ್ನು ಗೂಡಿಗೆ ಸೇರಿಸಿ, ಕಿಟಕಿ ತೆರೆದು ಏನೂ ಅರಿಯದವಳಂತೆ ಮಲಗುವುದು. ಮಲಗುವುದು ಅಂದರೆ ಆ ಕಂಬಳಿಯನ್ನೇ ಹೊದ್ದು. ಕೈಹಾಕಿ ಎಳೆದೆ. ನೀರು ಕುಡಿದ ಕಂಬಳಿ ಎಷ್ಟು ಭಾರ ಎಂದರೆ ಒಂದು ಕೈಗೆ ಬರಲಿಲ್ಲ. ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು.

"ಎಷ್ಟು ದಿನದಿಂದ?" ಎಂದೆ.

ಬಾಯಿಂದ ಸೆರಗು ತೆಗೆದಳು. "ದಿಣ್ಣೆಗೆ ಬಂದಾಗಿಂದ."

"ಅಂದ್ರೆ ಒಂದು ದಿನಾನೂ ಒಣಗಿರ್ಲಿಲ್ಲ?"

"ನೀನು ಎಷ್ಟು ಖುಷಿಯಾಗಿದ್ದೆ ಕಣೇ. ಶಾಂತಕ್ಕಂಗೆಲ್ಲ ತೋರಿಸ್ತಿದ್ದೆ."

"ಅಪ್ಪನಾಣೆ ಹಾಕಿದ್ದೆ ನೀನು!"

"ಅಪ್ಪ ಆಗಿದ್ರೆ ಮರೀನ ಹೊರಗೆ ಹಾಕ್ತಿದ್ನಾ? ಹೇಳು, ಹಾಕ್ತಿದ್ನಾ?"

ನಾನು ಬಾಯಿಗೆ ಬಂದಂತೆ ಬೈದೆ. ಮರಿಗಳನ್ನು ಬೈದೆ, ಅಪ್ಪನನ್ನೂ ಬೈದೆ. ಓಬಳಪ್ಪ ಹೊರಗೆ ಬಂದು ನಿಂತು ಗಂಟಲು ಸರಿಮಾಡಿಕೊಂಡು ಹಾಗೇ ಹೋದ. ಅಕ್ಕ ಮರಿಯೊಂದನ್ನು ಮಡಿಲಿಗೆ ಎಳೆದುಕೊಂಡು, ಅದರ ಕಿವಿ ಸವರುತ್ತ, "ನಾನು ಕಂಬ್ಳಿ ಒಣಗ್ಸಿ ಹೊದ್ಕಂಡ್ರೆ ಆಗ್ತೈತೆ ಅಂದ್ಕಂಡೆ. ಈ ಬಿಸ್ಲಿಗೆ ಕಂಬ್ಳಿ ಪೂರ್ತಿ ಒಣಗಲ್ಲ ಅಂತ ಆಮ್ಯಾಲೆ ಗೊತ್ತಾಯ್ತು" ಎಂದಳು. ಗೊತ್ತಾದ ಮೇಲೂ ಅವಳು ಬಿಡಲಿಲ್ಲ. ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ, ನನಗೆ ಆಗುವುದಿಲ್ಲ.

ಅವತ್ತೇ ನಾನು ಕುರಿ ಕೊಳ್ಳುವ ಗಿರಾಕಿಗೆ ಹೇಳಿ ಕಳಿಸುವವಳಿದ್ದೆ. ಮಾತು ಮುರಿದಿದ್ದಾಳೆ, ಮಂದೆ ಮಾರುವುದೇ ಎಂದು ಹಟ ಹಿಡಿದು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮೈ ಕೆಂಡವಾಯಿತು. ಮುಟ್ಟಿದರೆ ಸುಡುತ್ತಿತ್ತು, ಅವಳೋ ಚಳಿ ಚಳಿ ಅನ್ನುತ್ತಿದ್ದಳು. ಓಬಳಪ್ಪ ಊರೊಳಗೆ ಓಡಿಹೋಗಿ ಒಂದು ಗೂಡ್ಸ್ ಆಟೋ ತಂದ. ಹಿಂದೆ ಹುಲ್ಲು ಹಾಸಿ, ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಹೊಳಲ್ಕೆರೆ ದಾಟಿಸಿ ದುರ್ಗದ ಆಸ್ಪತ್ರೆಗೆ ಹೋದೆವು. ಮಂದೆ ಕಣ್ಮರೆಯಾಗುವವರೆಗೂ ಅವಳು ಕತ್ತೆತ್ತಿ ನೋಡುತ್ತಲೇ ಇದ್ದಳು. ಅದೇ ಡಾಕ್ಟರಮ್ಮ ಬಂದರು. ನನ್ನನ್ನು ಹೊರಗೆ ಕರೆದು, ಎದೆಯೊಳಗೆ ನೀರು ಸೇರಿಕೊಂಡಿದೆ, ಮೊದಲೇ ಸವೆದ ಶ್ವಾಸಕೋಶ, ನೋಡೋಣ ಎಂದರು. ಆ ನೋಡೋಣ ಎಂಬುದರ ಅರ್ಥ ನನಗೆ ಆಗಲೇ ಆಯಿತು.

ಆಸ್ಪತ್ರೆಯಲ್ಲಿ ಅವಳಿಗೆ ಮೂಗಿಗೆ ಕೊಳವೆ ಹಾಕಿದ್ದರು. ಕಣ್ಣು ಬಿಟ್ಟಾಗಲೆಲ್ಲ ಒಂದೇ ಮಾತು. "ಮರಿ ಏನಾದ್ವು?" ಓಬಳಪ್ಪ ನೋಡಿಕೊಳ್ಳುತ್ತಾನೆ ಅಂದರೆ, "ಅವನು ಬಯಲಾಗೆ ಮಲಗೋನು, ಅವನಿಗೇನು ಗೊತ್ತು. ನೀ ಹೋಗಿ ನೋಡ್ಕಂಡು ಬಾ" ಅನ್ನುತ್ತಿದ್ದಳು. ಕೊನೆಗೆ ಅವಳ ಕಾಟ ತಡೆಯಲಾರದೆ ನನ್ನ ಮಗಳನ್ನು ಅವಳ ಪಕ್ಕದಲ್ಲಿ ಕೂರಿಸಿ, ಒಂದು ಸಂಜೆ ರಾಮಗಿರಿಗೆ ಹೋದೆ. ಎರಡು ಮರಿಗಳಲ್ಲಿ ಒಂದು ಸತ್ತಿತ್ತು. ಓಬಳಪ್ಪ ಅದನ್ನು ಬದುವಿನಲ್ಲಿ ಹೂತಿದ್ದ. "ಅತ್ಗೆಮ್ಮಂಗೆ ಹೇಳ್ಬ್ಯಾಡ್ರಿ" ಎಂದ. ಇನ್ನೊಂದಕ್ಕೆ ಬೇರೆ ಕುರಿಯ ಹಾಲು ಹಿಡಿಸಿದ್ದ. ಅದು ತಾಯಿಗಳ ಗುಂಪಿನ ನಡುವೆ ಬೆಚ್ಚಗೆ ಸೇರಿಕೊಂಡಿತ್ತು.

ನಾನೊಬ್ಬಳೇ ಟೆಂಟಿನಲ್ಲಿ ಮಲಗಿದೆ. ಚಳಿಗೆ ಕಿಟಕಿ ತೆರೆಯಲಿಲ್ಲ, ಜಿಪ್ಪನ್ನೂ ಬಿಡಲಿಲ್ಲ. ಯಾರಿಗೋಸ್ಕರ ಬಿಡಬೇಕು? ಬೆಳಗ್ಗೆ ಎದ್ದು ನೋಡಿದರೆ ನನ್ನ ತಲೆಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಹನಿ ಕಟ್ಟಿತ್ತು. ಅಕ್ಕ ಮಲಗುತ್ತಿದ್ದ ಕಡೆ ಬಟ್ಟೆ ಒಣಗಿತ್ತು. ಕೈಯಾಡಿಸಿದೆ. ಪೂರ್ತಿ ಒಣಗಿತ್ತು. ಆ ಮಾಗಿಯೆಲ್ಲ ನಾನು ಬೇಡಿಕೊಂಡಿದ್ದು ಅದನ್ನೇ. ನನಗೆ ದುಃಖ ಉಕ್ಕಿ ಬಂತು. ಟೆಂಟಿನೊಳಗೇ ಕೂತು ಜೋರಾಗಿ ಅತ್ತೆ.

ಆಸ್ಪತ್ರೆಗೆ ಹೋದಾಗ ಅಕ್ಕ ಎದುರು ನೋಡುತ್ತಿದ್ದಳು. ಮಾತು ಅರ್ಧ ಗಾಳಿಯಾಗಿ ಬರುತ್ತಿತ್ತು.

"ಮರಿ?"

"ಎರಡೂ ಚೆನ್ನಾಗವೆ ಅಕ್ಕ. ಹಾಲು ಕುಡೀತಾವೆ."

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಸುಳ್ಳು ಅವಳಿಗೆ ಚಿಕ್ಕಂದಿನಿಂದ ಗೊತ್ತಾಗುತ್ತಿತ್ತು. ಹಾಗಾಗಿ ಬೇರೆ ದಾರಿ ಹಿಡಿದಳು.

"ಟೆಂಟ್ ಒಳಗೆ ನೀರಿತ್ತಾ?"

"ಇತ್ತು" ಎಂದೆ. "ಎರಡೂ ಕಡೆ. ನಿನ್ನ ಕಡೇಲಿ ಇನ್ನೂ ಜಾಸ್ತಿ. ಒರೆಸಿ ಒರೆಸಿ ಸಾಕಾಯ್ತು."

ಅಕ್ಕನ ಮುಖ ಸಡಿಲವಾಯಿತು. ಒಣಗಿದ ತುಟಿಯಲ್ಲಿ ನಗು ಬಂತು. "ಹಂಗಾರೆ ಮರೀನ ಒಳಗೆ ಹಾಕ್ಕಂಡಿದ್ದೆ. ಬೈತಾ ಬೈತಾ ಹಾಕ್ಕಂಡಿರ್ತೀಯ" ಎಂದಳು. ನನ್ನ ಕೈಯನ್ನು ಹಿಡಿದುಕೊಂಡು ನಿದ್ದೆ ಹೋದಳು. ಆಮೇಲೆ ಅವಳಿಗೆ ಸರಿಯಾಗಿ ಎಚ್ಚರ ಬರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಹೋಗಿಬಿಟ್ಟಳು.

ಅಕ್ಕನನ್ನು ಅವಳ ಗಂಡನ ಊರಿಗೆ ತಂದೆವು. ಓಬಳಪ್ಪ ಮಂದೆಯನ್ನು ಇನ್ನೊಬ್ಬರ ಸುಪರ್ದಿಗೆ ಬಿಟ್ಟು, ಟೆಂಟನ್ನು ಕಿತ್ತು ಕಟ್ಟಿ, ಅಕ್ಕನ ಸಾಮಾನೆಲ್ಲ ಹೊತ್ತುಕೊಂಡು ಬಂದಿದ್ದ. ಕುರಿ ಏನು ಮಾಡೋಣ ಎಂದು ಯಾರೋ ಕೇಳಿದರು. "ಮಾರಲ್ಲ" ಎಂದ, ಅಷ್ಟೇ. ನಾನೂ ಹೂಂ ಅಂದೆ. ಈಗಲೂ ಅವನು ರಾಗಿ ಕೊಯ್ದ ಮೇಲೆ ಈ ಕಡೆ ಬರುತ್ತಾನೆ.

ನಮ್ಮಲ್ಲಿ ಮಣ್ಣು ಮಾಡುವುದು. ಕುರಿ ಕಾದವರಿಗೆ ಅವರ ಕಂಬಳಿಯನ್ನೇ ಹೊದಿಸಿ ಕಳಿಸುತ್ತಾರೆ. ತೋಟದ ಬದಿಯಲ್ಲಿ ಭಾವನ ಪಕ್ಕ ಗುಂಡಿ ತೋಡಿ ಆಗಿತ್ತು. ಹಿರಿಯರು ಹೊತ್ತು ಮೀರುತ್ತದೆ, ಬೇಗ ಆಗಲಿ ಅನ್ನುತ್ತಿದ್ದರು. ಯಾರೋ ಗಂಟು ಬಿಚ್ಚಿ ಕರಿ ಕಂಬಳಿ ತಂದು ನನ್ನ ಕೈಗೆ ಕೊಟ್ಟರು, ತಂಗಿ ಹೊದಿಸಲಿ ಎಂದು. ಕೈಗೆ ಬಂದ ಕೂಡಲೇ ಭಾರ ಗೊತ್ತಾಯಿತು. ಅಕ್ಕ ಆಸ್ಪತ್ರೆಗೆ ಹೋದಾಗಿನಿಂದ ಮಡಚಿಟ್ಟ ಗಂಟಿನಲ್ಲೇ ಇದ್ದದ್ದಕ್ಕೆ ಅದರ ನಡುವೆ ಇನ್ನೂ ಪಸೆ ಇತ್ತು. ಕೆನ್ನೆಗೆ ಒತ್ತಿಕೊಂಡು ನೋಡಿದೆ. ತಣ್ಣಗಿತ್ತು.

"ತಡೀರಿ" ಎಂದೆ.

ಬೇಲಿಯ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಕಂಬಳಿಯನ್ನು ಅಲ್ಲಿ ಅಗಲವಾಗಿ ಹರಡಿದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಓಬಳಪ್ಪನ ದೊಡ್ಡಪ್ಪ ಬಂದು, "ಗೌರಮ್ಮ, ಏನವ್ವ ಇದು, ಹೊತ್ತಾಯ್ತು. ಒದ್ದೆ ಆದ್ರೇನು, ಮಣ್ಣಾಗೆ ಹೋಗೋದಲ್ವಾ" ಎಂದರು. ಓಬಳಪ್ಪ ಅವರ ತೋಳು ಹಿಡಿದು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದ. "ಕುಂತ್ಕಳ್ರಿ ದೊಡ್ಡಪ್ಪ" ಎಂದ. ಅವರಿಬ್ಬರೂ ಕೂತದ್ದನ್ನು ನೋಡಿ ಉಳಿದವರೂ ಕೂತರು.

ನಾನು ಬೇಲಿಯ ಹತ್ತಿರವೇ ನಿಂತೆ. ಒಂದು ಮಗ್ಗುಲು ಬಿಸಿಯಾದ ಮೇಲೆ ತಿರುವಿ ಹಾಕಿದೆ. ನಡುವೆ ಮುಟ್ಟಿ ನೋಡಿದೆ, ಪಸೆ ಇನ್ನೂ ಇತ್ತು. ದೊಡ್ಡಪ್ಪ ಮರದ ಕೆಳಗಿನಿಂದ ಮತ್ತೆ ಕೂಗಿದರು. "ಇನ್ನೊಂದೀಟು ತಡೀರಿ" ಎಂದೆ. ಅಂಚು, ನಡು, ಮಡಿಕೆ ಎಲ್ಲ ಕಡೆ ಕೆನ್ನೆಯಿಟ್ಟು ನೋಡಿ, ಎಲ್ಲೂ ತಣ್ಣಗಿಲ್ಲ ಎಂದು ಖಾತ್ರಿಯಾದ ಮೇಲೆ ತಂದು, ಅಕ್ಕನಿಗೆ ಕಾಲಿನಿಂದ ಕತ್ತಿನವರೆಗೂ ಹೊದಿಸಿದೆ.